ಮೊದಲು ಗೊತ್ತಾಗುವುದು ಯಾರಿಗೆ?

ಕಲಬುರಗಿ ನಗರದ ಅಂಚಿಗೇ ಇರುವ ಶರಣಸಿರಸಗಿಯ ಹೆಣ್ಣುಮಗಳೊಬ್ಬಳನ್ನು ಕಮಲಾಪುರದ ಕಡೆಗೆ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಗಂಡನಿಗೆ ಎರಡೆಕರೆ ಹೊಲ. ತೊಗರಿ ರಾಶಿ ಮುಗಿದು ಕಾಳು ಮನೆಗೆ ಬಂದ ಮೇಲೆ ಅವನು ಪುಣೆಗೋ ಮುಂಬೈಗೋ ಗೌಂಡಿ ಕೆಲಸಕ್ಕೆ ಗುಳೆ ಹೋಗುತ್ತಾನೆ, ಮುಂಗಾರಿನ ಹೊತ್ತಿಗೆ ಮರಳುತ್ತಾನೆ. ಇವರಿಬ್ಬರೂ ನಾನು ಕಟ್ಟಿಕೊಂಡ ಪಾತ್ರಗಳು. ಆದರೆ ಇವರಿಗೆ ಮುಂದೆ ಆಗುವುದನ್ನೆಲ್ಲ ಎಚ್‌ಐವಿ ಚಿಕಿತ್ಸೆ ಕೊಡುವ ನಮ್ಮ ಎಆರ್‌ಟಿ ಕೇಂದ್ರಗಳ ಬೆಂಚುಗಳ ಮೇಲೆ ಕುಳಿತವರು ಬದುಕಿ ನೋಡಿದ್ದಾರೆ.

ಆಕೆ ಬಸಿರಾದಳು. ತಾಯಿ ಕಾರ್ಡ್ ಮಾಡಿಸಲು ಸರ್ಕಾರಿ ಆಸ್ಪತ್ರೆಗೆ ಹೋದಳು. ತೂಕ, ಬಿ.ಪಿ., ಹಿಮೋಗ್ಲೋಬಿನ್ ಆದ ಮೇಲೆ ಇನ್ನೊಂದು ಪರೀಕ್ಷೆ. ಸಿಸ್ಟರು ಬೆರಳ ತುದಿ ಒರೆಸಿ, ಚುಚ್ಚಿ, ಒಂದು ಹನಿ ರಕ್ತವನ್ನು ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿಯ ಗುಳಿಗೆ ಬಿಡುತ್ತಾರೆ. ಮೇಲೆ ಒಂದೆರಡು ಹನಿ ದ್ರಾವಣ. ರಕ್ತ ಪಟ್ಟಿಯೊಳಗಿನ ಕಾಗದದಲ್ಲಿ ಮೆಲ್ಲಗೆ ಮೇಲಕ್ಕೆ ಹರಿಯುತ್ತದೆ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ. ಸುಮಾರು ಇಪ್ಪತ್ತು ನಿಮಿಷದಲ್ಲಿ ಒಂದು ಗೆರೆ ಮೂಡಬೇಕು. ಮೂಡಿದರೆ ಪಟ್ಟಿ ಕೆಟ್ಟಿಲ್ಲ ಎಂದು ಗೊತ್ತಾಗುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಗೆರೆ ಎದ್ದರೆ, ಎಚ್‌ಐವಿಗೆ ಎದುರಾಗಿ ದೇಹ ತಯಾರಿಸಿದ ಪ್ರತಿಕಾಯ ಆ ರಕ್ತದಲ್ಲಿ ಇರುವ ಸೂಚನೆ. ಒಂದೇ ಪಟ್ಟಿಯನ್ನು ನಂಬಿ ಯಾರೂ ತೀರ್ಪು ಹೇಳುವುದಿಲ್ಲ. ಐಸಿಟಿಸಿಗೆ, ಎಂದರೆ ಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರಕ್ಕೆ ಕಳಿಸಿ, ಬೇರೆ ಬೇರೆ ಬಗೆಯ ಮೂರು ಕಿಟ್‌ಗಳಲ್ಲಿ ನೋಡಿ, ಮೂರೂ ಒಂದೇ ಮಾತು ಹೇಳಿದರೆ ಮಾತ್ರ ವರದಿ ಕೊಡುತ್ತಾರೆ.

ಈ ಹೆಣ್ಣುಮಗಳಿಗೆ ಮೂರೂ ಒಂದೇ ಮಾತು ಹೇಳಿದವು.

ಆಪ್ತಸಮಾಲೋಚಕಿ ಬಾಗಿಲು ಮುಂದೆ ಮಾಡಿ, ನೀರು ಕೊಟ್ಟು, ಅವಳು ಅತ್ತು ಮುಗಿಸುವ ತನಕ ಕಾಯುತ್ತಾರೆ. ಆಮೇಲೆ ಕೇಳುತ್ತಾರೆ: “ನಿಮ್ಮ ಮನಿಯವ್ರನ್ನೂ ಕರ್ಕೊಂಡು ಬರ್ರಿ ಅಕ್ಕಾ, ಅವ್ರ ರಕ್ತನೂ ಒಮ್ಮಿ ನೋಡಮ್.”

“ಅವ್ರು ಬರಂಗಿಲ್ರೀ. ನಂಗೇನಾಗ್ಯದ, ಕಲ್ಲಿನಂಗ ಇದ್ದೀನಿ ಅಂತಾರ್ರೀ.”

ಎಚ್‌ಐವಿ ಇರುವ ಹೆಂಗಸು ಮತ್ತು ಗಂಡಸಿನ ಆರೋಗ್ಯ ಎಲ್ಲಿ ಕವಲೊಡೆಯುತ್ತದೆ ಎಂದು ಕೇಳಿದರೆ ನಾನು ಈ ಎರಡು ಮಾತುಗಳ ನಡುವಿನ ಜಾಗವನ್ನು ತೋರಿಸುತ್ತೇನೆ. ವೈರಸ್ ಇಬ್ಬರ ಮೈಯಲ್ಲೂ ಒಂದೇ. ಇಬ್ಬರಿಗೂ ಸರ್ಕಾರ ಪುಕ್ಕಟೆ ಕೊಡುವ ಗುಳಿಗೆಯೂ ಒಂದೇ. ಆದರೆ ಅವಳಿಗೆ ಬೇಗ ಗೊತ್ತಾಯಿತು, ಅವನಿಗೆ ಇನ್ನೂ ಗೊತ್ತಿಲ್ಲ. ಬೇಗ ಗೊತ್ತಾದದ್ದು ಅವಳ ಜೀವ ಉಳಿಸುತ್ತದೆ. ಅದೇ ಕಾರಣಕ್ಕೆ ಮನೆಯಲ್ಲಿ ಅವಳೇ ಅಪರಾಧಿಯಾಗುತ್ತಾಳೆ. ಗೊತ್ತಿಲ್ಲದ್ದು ಅವನ ಮಾನ ಕಾಯುತ್ತದೆ, ಜೀವ ತೆಗೆಯುತ್ತದೆ.

ಯಾರ ರಕ್ತ ನೋಡಿದೆವು

ಭಾರತದಲ್ಲಿ ಈ ವೈರಸ್ ಪತ್ತೆಯಾದ ಕಥೆಯೂ ಹೀಗೆಯೇ ಶುರುವಾಗುತ್ತದೆ. ಅದಕ್ಕೂ ಮೊದಲು, 1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಿಂದ ಐವರು ಗಂಡಸರ ವಿಚಿತ್ರ ನ್ಯುಮೋನಿಯಾ ಸುದ್ದಿ ಬಂತು. ಅಲ್ಲಿ ಏಡ್ಸ್ ಎಂದರೆ ಗಂಡಸರ ಕಾಯಿಲೆ ಎಂಬ ನಂಬಿಕೆ ಬೇರೂರಿತು. ಎಷ್ಟರಮಟ್ಟಿಗೆ ಎಂದರೆ, ಏಡ್ಸ್ ಎಂದು ಗುರುತಿಸುವ ಕಾಯಿಲೆಗಳ ಅಧಿಕೃತ ಪಟ್ಟಿಗೆ ಗರ್ಭಕೊರಳಿನ ಕ್ಯಾನ್ಸರ್ ಸೇರಲು 1993 ಬರಬೇಕಾಯಿತು. ಅಲ್ಲಿಯವರೆಗೆ ಎಷ್ಟೋ ಹೆಂಗಸರು ಏಡ್ಸ್‌ನಿಂದ ಸಾಯುತ್ತಿದ್ದರೂ ಕಾಗದದ ಮೇಲೆ ಅದು ಏಡ್ಸ್ ಆಗಿರಲಿಲ್ಲ.

ನಮ್ಮಲ್ಲಿ ಇದು ತಲೆಕೆಳಗಾಯಿತು. 1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ, ತಮ್ಮ ಪ್ರಾಧ್ಯಾಪಕಿ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಮಾದರಿಗಳನ್ನು ವೆಲ್ಲೂರಿನ ಸಿಎಂಸಿಗೆ ಒಯ್ದು ಪರೀಕ್ಷಿಸಿದಾಗ ಆರು ಮಂದಿಯಲ್ಲಿ ಸೋಂಕು ಕಂಡಿತು. ಆ ಇಬ್ಬರು ವಿಜ್ಞಾನಿಗಳ ಕೆಲಸ ದೊಡ್ಡದು. ಅವರು ಹುಡುಕದೆ ಹೋಗಿದ್ದರೆ ನಾವು ಇನ್ನೂ ಎಷ್ಟು ಕಾಲ ಕಣ್ಣುಮುಚ್ಚಿ ಕೂರುತ್ತಿದ್ದೆವೋ. ಆದರೆ ದೇಶ ಆ ಸುದ್ದಿಯಿಂದ ತಪ್ಪು ಪಾಠ ಕಲಿಯಿತು. ಹೆಂಗಸರ ರಕ್ತ ನೋಡಿದ್ದರಿಂದ ಹೆಂಗಸರಲ್ಲಿ ಕಂಡಿತು. ಜನ ಮಾತ್ರ, ಹೆಂಗಸರಲ್ಲಿ ಕಂಡಿತು ಎಂದ ಮೇಲೆ ಹೆಂಗಸರಿಂದಲೇ ಬಂತು ಎಂದುಕೊಂಡರು.

1998ರಿಂದ ದೇಶದ ಎಚ್‌ಐವಿ ಅಂದಾಜಿಗೆ ಬಹುಮಟ್ಟಿಗೆ ಆಧಾರವಾದದ್ದೂ ಬಸಿರಿಯರ ರಕ್ತವೇ. ಆಸ್ಪತ್ರೆಗೆ ತಪಾಸಣೆಗೆ ಬಂದವರ ಮಾದರಿಗಳನ್ನು ಹೆಸರಿಲ್ಲದೆ ಪರೀಕ್ಷಿಸಿ ಲೆಕ್ಕ ಹಾಕುತ್ತಿದ್ದರು. 2000ದ ದಶಕದ ಆರಂಭದಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ನೂರು ಬಸಿರಿಯರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಸೋಂಕಿದೆ ಎಂದು ತಿಳಿದದ್ದು ಹೀಗೆ. 2005–06ರ ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ಒಂದು ಲಕ್ಷಕ್ಕೂ ಹೆಚ್ಚು ಗಂಡಸರು ಮತ್ತು ಹೆಂಗಸರ ರಕ್ತವನ್ನು ಮನೆಮನೆಗೆ ಹೋಗಿ ತೆಗೆದುಕೊಂಡರು. ಆಗ ಕಂಡ ಅಂಕಿ: ಹೆಂಗಸರಲ್ಲಿ ಶೇ. 0.22, ಗಂಡಸರಲ್ಲಿ ಶೇ. 0.36. ಇಬ್ಬರ ಬೆರಳನ್ನೂ ಚುಚ್ಚಿದಾಗ ಮಾತ್ರ ನಿಜ ಹೊರಬಿತ್ತು.

ಮೈಯೊಳಗಿನ ವ್ಯತ್ಯಾಸ

ಹಾಗಾದರೆ ವ್ಯತ್ಯಾಸವೆಲ್ಲ ಸಮಾಜದ್ದೇ, ದೇಹದ್ದು ಏನೂ ಇಲ್ಲವೇ? ಇದೆ, ಮತ್ತು ಅದು ಬಹಳ ಕುತೂಹಲದ್ದು.

ನಮ್ಮ ರಕ್ತದಲ್ಲಿ ಸಿಡಿ4 ಎಂಬ ಗುರುತು ಹೊತ್ತ ಬಿಳಿ ಕಣಗಳಿವೆ. ರೋಗಾಣು ಬಂದಾಗ ಉಳಿದ ಕಣಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಮೇಸ್ತ್ರಿಗಳು ಇವು. ಎಚ್‌ಐವಿ ಹೊಕ್ಕುವುದು ಈ ಮೇಸ್ತ್ರಿಯ ಮೈಯನ್ನೇ. ತನ್ನ ವಂಶವಾಹಿಯನ್ನು ಆ ಕಣದ ಡಿಎನ್ಎಗೆ ಹೊಲಿದುಬಿಟ್ಟು, ಅದರ ಸಾಮಗ್ರಿಯಿಂದಲೇ ತನ್ನ ಸಾವಿರಾರು ಪ್ರತಿ ಮಾಡಿಕೊಳ್ಳುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಅಂಥ ಎಷ್ಟು ಪ್ರತಿಗಳಿವೆ ಎಂಬ ಲೆಕ್ಕವೇ ವೈರಲ್ ಲೋಡ್.

2001ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಸಂಶೋಧಕರು, ಸೋಂಕು ತಗುಲಿದ ಆರಂಭದಲ್ಲೇ ಗಂಡಸರ ಮತ್ತು ಹೆಂಗಸರ ವೈರಲ್ ಲೋಡ್ ಎಷ್ಟಿತ್ತು ಎಂದು ಹೋಲಿಸಿ ಪ್ರಕಟಿಸಿದರು. ಗಂಡಸರ ಮಧ್ಯಾಂಕ 50,766, ಹೆಂಗಸರದು 15,103. ಮೂರು ಪಟ್ಟಿಗೂ ಮಿಕ್ಕ ಅಂತರ. ಹೆಂಗಸರು ನಿರಾಳವಾಗಿರಬಹುದು ಎಂದು ಯಾರಿಗಾದರೂ ಅನ್ನಿಸೀತು. ಆದರೆ ವರ್ಷಗಳುದ್ದಕ್ಕೂ ಬೆನ್ನುಹತ್ತಿ ನೋಡಿದಾಗ ಇಬ್ಬರೂ ಒಂದೇ ವೇಗದಲ್ಲಿ ಏಡ್ಸ್ ಹಂತಕ್ಕೆ ಬಂದಿದ್ದರು. ಎಂದರೆ, ಕಡಿಮೆ ವೈರಸ್ ಇದ್ದೂ ಹೆಂಗಸಿನ ದೇಹ ಅಷ್ಟೇ ಬೇಗ ಸವೆಯುತ್ತದೆ.

ಇದು ಪ್ರಯೋಗಾಲಯದಲ್ಲೇ ಉಳಿಯುವ ಸಂಗತಿಯಲ್ಲ. ಆ ಕಾಲದಲ್ಲಿ ಔಷಧಿ ಯಾವಾಗ ಶುರು ಮಾಡಬೇಕು ಎನ್ನುವುದಕ್ಕೆ ವೈದ್ಯರು ವೈರಲ್ ಲೋಡನ್ನೂ ನೋಡುತ್ತಿದ್ದರು. ಇಪ್ಪತ್ತು ಸಾವಿರ ಅಂಥದೊಂದು ಗೆರೆಯಾಗಿತ್ತು. ಆ ಗೆರೆ ಹಿಡಿದರೆ ನಡುಮಟ್ಟದ ಗಂಡಸಿಗೆ ಔಷಧಿ ಸಿಗುತ್ತದೆ, ಅವನಷ್ಟೇ ಕಾಯಿಲೆಯಿರುವ ನಡುಮಟ್ಟದ ಹೆಂಗಸು ಮನೆಗೆ ಹೋಗಬೇಕಾಗುತ್ತದೆ. ಗಂಡಸರ ರಕ್ತ ನೋಡಿ ಎಳೆದ ಗೆರೆಯನ್ನು ಎಲ್ಲರ ಗೆರೆ ಎಂದುಕೊಂಡಿದ್ದರ ಫಲ ಇದು.

ಕಡಿಮೆ ವೈರಸ್ಸಿಗೆ ಹೆಚ್ಚು ಸವೆತ ಏಕೆ? ಉತ್ತರದ ಒಂದು ಎಳೆ 2009ರಲ್ಲಿ ಬಾಸ್ಟನ್‌ನ ಮಾರ್ಕಸ್ ಆಲ್ಟ್‌ಫೆಲ್ಡ್ ಅವರ ತಂಡಕ್ಕೆ ಸಿಕ್ಕಿತು. ವೈರಸ್ ಬಂದುದನ್ನು ಮೊದಲು ಮೂಸಿ ನೋಡುವ ಕೆಲವು ಕಾವಲು ಕಣಗಳಿವೆ. ಅವುಗಳಲ್ಲಿ ಟಿಎಲ್‌ಆರ್7 ಎಂಬ ಪ್ರೋಟೀನು ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸಿ, ಇಂಟರ್‌ಫೆರಾನ್ ಎಂಬ ರಾಸಾಯನಿಕದ ಮೂಲಕ ಕೂಗು ಹಾಕಿಸುತ್ತದೆ. ಒಂದೇ ಪ್ರಮಾಣದ ವೈರಸ್ ತೋರಿಸಿದಾಗ ಹೆಂಗಸರ ಕಾವಲು ಕಣಗಳು ಗಂಡಸರವಕ್ಕಿಂತ ಜೋರಾಗಿ ಕೂಗಿದವು. ಟಿಎಲ್‌ಆರ್7ರ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಂಗಸರಿಗೆ ಎಕ್ಸ್ ಎರಡು. ಒಂದು ಸಾಮಾನ್ಯವಾಗಿ ಮೌನವಾಗಿರುತ್ತದೆಯಾದರೂ, ಕೆಲವು ರೋಗನಿರೋಧಕ ಕಣಗಳಲ್ಲಿ ಈ ವಂಶವಾಹಿ ಮಾತ್ರ ಎರಡೂ ಕಡೆಯಿಂದ ಕೆಲಸ ಮಾಡುತ್ತದೆ ಎಂದು ಆಮೇಲೆ ತಿಳಿಯಿತು. ಹೆಣ್ಣಿನ ಹಾರ್ಮೋನುಗಳೂ ಇದಕ್ಕೆ ಒತ್ತಾಸೆ ಕೊಡುತ್ತವೆ.

ಊರಿಗೆ ಕಳ್ಳ ಬಂದ ರಾತ್ರಿ ಕಾವಲುಗಾರ ಜೋರಾಗಿ ಕೂಗಿದರೆ ಒಳ್ಳೆಯದು. ಕಳ್ಳನಿಗೆ ಹೆಚ್ಚು ಮನೆ ಹೊಕ್ಕಲಾಗುವುದಿಲ್ಲ. ಆರಂಭದಲ್ಲಿ ಹೆಂಗಸರಲ್ಲಿ ವೈರಸ್ ಕಡಿಮೆ ಇರುವುದು ಇದರಿಂದಲೇ ಇರಬೇಕು. ಆದರೆ ಕಳ್ಳ ಊರಲ್ಲೇ ಉಳಿದುಬಿಟ್ಟ. ಕೂಗು ವರ್ಷಗಟ್ಟಲೆ ನಿಲ್ಲಲಿಲ್ಲ ಎಂದಾದರೆ ಇಡೀ ಊರು ನಿದ್ದೆಗೆಟ್ಟು ಸೊರಗುತ್ತದೆ. ದೀರ್ಘಕಾಲ ಕೆರಳಿಯೇ ಇರುವ ರೋಗನಿರೋಧಕ ವ್ಯವಸ್ಥೆ ರಕ್ತನಾಳ, ಹೃದಯ, ಮೂಳೆಗಳನ್ನು ಸವೆಸುತ್ತದೆ. ಬಾಸ್ಟನ್‌ನ ಎರಡು ದೊಡ್ಡ ಆಸ್ಪತ್ರೆಗಳ ದಾಖಲೆಗಳನ್ನು ನೋಡಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಚ್‌ಐವಿ ಇರುವ ಹೆಂಗಸರಿಗೆ ಹೃದಯಾಘಾತದ ಸಂಭವ ಎಚ್‌ಐವಿ ಇಲ್ಲದ ಹೆಂಗಸರಿಗಿಂತ ಸುಮಾರು ಮೂರು ಪಟ್ಟಿತ್ತು. ಗಂಡಸರಲ್ಲಿ ಇದೇ ಹೋಲಿಕೆ ಒಂದೂವರೆ ಪಟ್ಟನ್ನೂ ಮುಟ್ಟಲಿಲ್ಲ.

ಔಷಧಿ ಬಂದ ಮೇಲೆ ಯಾರು ಉಳಿದರು

2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಎಚ್‌ಐವಿ ಔಷಧಿಯನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಮೊದಲ ಎಂಟು ಆಸ್ಪತ್ರೆಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. ಆಮೇಲೆ ಜಿಲ್ಲೆ ಜಿಲ್ಲೆಗೂ ಎಆರ್‌ಟಿ ಕೇಂದ್ರಗಳು, ತಾಲ್ಲೂಕುಗಳಿಗೆ ಲಿಂಕ್ ಕೇಂದ್ರಗಳು ಬಂದವು. ಮೊದಲು ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿದವರಿಗೆ ಔಷಧಿ ಎನ್ನುತ್ತಿದ್ದದ್ದು ಏರುತ್ತ ಏರುತ್ತ, 2017ರಿಂದ ಸೋಂಕು ಕಂಡ ಎಲ್ಲರಿಗೂ ಕೂಡಲೇ ಔಷಧಿ ಎಂದಾಯಿತು. ಇಂದು ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ್ದು. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಎಣಿಕೆಗೇ ಸಿಗದಷ್ಟು ಇಳಿಯುತ್ತದೆ, ಮತ್ತು ಅಂಥವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ.

ಒಂದೇ ಗುಳಿಗೆ ಸಿಕ್ಕಾಗ ಇಬ್ಬರ ಗತಿಯೂ ಒಂದೇ ಆಗಬೇಕಿತ್ತಲ್ಲವೇ? ಆಗಲಿಲ್ಲ. ಗಂಡಸರು ಹೆಚ್ಚು ಸತ್ತರು.

ದಕ್ಷಿಣ ಆಫ್ರಿಕಾದಲ್ಲಿ 2002ರಿಂದ 2009ರ ನಡುವೆ ಚಿಕಿತ್ಸೆ ಶುರು ಮಾಡಿದ 46 ಸಾವಿರಕ್ಕೂ ಹೆಚ್ಚು ಮಂದಿಯನ್ನು ಗಮನಿಸಿದ ಅಧ್ಯಯನ 2012ರಲ್ಲಿ ಬಂತು. ಗಂಡಸರ ಸಾವಿನ ಪ್ರಮಾಣ ಹೆಂಗಸರದ್ದಕ್ಕಿಂತ ಸುಮಾರು ಶೇ. 31ರಷ್ಟು ಹೆಚ್ಚು. ವೈರಸ್ ಗಂಡಸರನ್ನು ಹೆಚ್ಚು ಕೊಲ್ಲುತ್ತದೆಯೇ ಎಂದು ಸಂಶೋಧಕರು ಕೇಳಿಕೊಂಡರು. ಆದರೆ ಔಷಧಿಯಿಂದ ವೈರಸ್ ಹಿಡಿತಕ್ಕೆ ಬಂದವರಲ್ಲೂ ಅಂತರ ಉಳಿದಿತ್ತು. ಎಚ್‌ಐವಿ ಇಲ್ಲದವರಲ್ಲಿ ನೋಡಿದರೆ ಅಲ್ಲೂ ಗಂಡಸರೇ ಹೆಚ್ಚು ಸಾಯುತ್ತಿದ್ದರು. ಗಂಡಸರನ್ನು ಬೇಗ ಸಾಯಿಸುವ ಸಾಮಾನ್ಯ ಕಾರಣಗಳೇ ಇಲ್ಲೂ ಕೆಲಸ ಮಾಡುತ್ತಿದ್ದವು. ಅದರ ಜೊತೆಗೆ, ಗಂಡಸರು ಚಿಕಿತ್ಸೆಗೆ ಬರುವಾಗಲೇ ತೀರ ಹದಗೆಟ್ಟಿರುತ್ತಿದ್ದರು.

ನಮ್ಮ ಗಡಿಗೆ ಹೊಂದಿದ ಅನಂತಪುರದ ಕಡೆ, ಬತ್ತಲಪಲ್ಲಿಯ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಆಸ್ಪತ್ರೆಯಲ್ಲಿ ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದವರು ಕಂಡದ್ದೂ ಇದೇ ಚಿತ್ರ. ಹೆಂಗಸರಿಗೆ ಸಣ್ಣ ವಯಸ್ಸಿನಲ್ಲೇ ಸೋಂಕು ಗೊತ್ತಾಗಿತ್ತು. ಅವರಲ್ಲಿ ಅನೇಕರು ಆಗಲೇ ವಿಧವೆಯರು. ಗಂಡಸರು ತಡವಾಗಿ, ಸಿಡಿ4 ಕುಸಿದ ಮೇಲೆ, ಎಷ್ಟೋ ಸಲ ಕ್ಷಯ ಹೊತ್ತುಕೊಂಡೇ ಬಂದಿದ್ದರು.

ಈ ತಡಕ್ಕೆ ಕಾರಣ ನಮ್ಮ ಕಲಬುರಗಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ನಿಲ್ಲುವವನಿಗೆ ಹತ್ತಕ್ಕೆ ತೆರೆಯುವ ಕೇಂದ್ರಕ್ಕೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು. ಗುಳೆ ಹೋದವನ ಕಾರ್ಡ್ ಇಲ್ಲಿ, ಅವನು ಅಲ್ಲಿ. ಜ್ವರ ಬಂದರೆ ಸೈಟಿನ ಪಕ್ಕದ ಮೆಡಿಕಲ್ ಸ್ಟೋರಿನ ಗುಳಿಗೆ, ಮೈಕೈ ನೋವಿಗೆ ಕುಡಿತ, ಕೆಮ್ಮಿಗೆ ಬೀಡಿಯೇ ಕಾರಣ ಎಂಬ ಸಮಾಧಾನ. ಎಲ್ಲಕ್ಕಿಂತ ಮುಖ್ಯವಾಗಿ, ಆರೋಗ್ಯವಾಗಿದ್ದಾಗ ಗಂಡಸನ್ನು ಆಸ್ಪತ್ರೆಗೆ ಕರೆಯುವ ಕಾರ್ಯಕ್ರಮಗಳು ಕಡಿಮೆ. ಹೆಂಗಸಿಗೆ ಬಸಿರು ಒಂದು ಬಾಗಿಲು ತೆರೆಯುತ್ತದೆ. ಗಂಡಸಿಗೆ ಬಾಗಿಲು ತೆರೆಯುವುದು ಕ್ಷಯದ ಕೆಮ್ಮು, ಅದೂ ರಕ್ತ ಬಂದ ಮೇಲೆ. ಎಚ್‌ಐವಿ ಇರುವವರ ಪ್ರಾಣ ತೆಗೆಯುವುದರಲ್ಲಿ ಇವತ್ತಿಗೂ ಕ್ಷಯವೇ ಮುಂದೆ. ಅದನ್ನು ತಡೆಯುವ ಗುಳಿಗೆಯೂ ಪುಕ್ಕಟೆಯೇ, ಬಂದವರಿಗೆ.

ಗುಳಿಗೆ ಅವಳ ಮೈಯಲ್ಲಿ

ಹೆಂಗಸು ಬೇಗ ಬರುತ್ತಾಳೆ, ಹೆಚ್ಚು ಉಳಿಯುತ್ತಾಳೆ ಎಂದ ಮಾತ್ರಕ್ಕೆ ಅವಳ ಲೆಕ್ಕ ಚುಕ್ತಾ ಆಗಲಿಲ್ಲ. ಅವಳಿಗೆ ಸಿಕ್ಕ ಔಷಧಿಯನ್ನು ಹೆಚ್ಚಾಗಿ ಯಾರ ಮೈಮೇಲೆ ಪರೀಕ್ಷಿಸಿದ್ದರು ಎಂದು ಕೇಳಬೇಕು. ಎಚ್‌ಐವಿ ಔಷಧಿಗಳ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ 2016ರ ವಿಶ್ಲೇಷಣೆಯೊಂದರ ಪ್ರಕಾರ, ಅವುಗಳಲ್ಲಿ ಭಾಗವಹಿಸಿದ ಹೆಂಗಸರು ಐವರಲ್ಲಿ ಒಬ್ಬರಷ್ಟೇ. ಜಗತ್ತಿನಲ್ಲಿ ಎಚ್‌ಐವಿ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು.

ನೆವಿರಪಿನ್ ಎಂಬ ಔಷಧಿ ನಮ್ಮ ಕಾರ್ಯಕ್ರಮದಲ್ಲಿ ಬಹಳ ವರ್ಷ ಬಳಕೆಯಲ್ಲಿತ್ತು. ಇದು ಕೆಲವರಲ್ಲಿ ಲಿವರಿಗೆ ಮಾರಕ ಪೆಟ್ಟು ಕೊಡುತ್ತದೆ. ಯಾರಿಗೆ ಅಪಾಯ ಹೆಚ್ಚು ಎಂದು ನೋಡಿದಾಗ ಎರಡು ಬೇರೆ ಗೆರೆ ಎಳೆಯಬೇಕಾಯಿತು: ಗಂಡಸರಲ್ಲಿ ಸಿಡಿ4 ಎಣಿಕೆ 400 ದಾಟಿದ್ದರೆ, ಹೆಂಗಸರಲ್ಲಿ 250 ದಾಟಿದ್ದರೆ. ಅಂದರೆ 300 ಎಣಿಕೆಯ ಗಂಡ ಹೆಂಡತಿ ಇಬ್ಬರೂ ಒಂದೇ ಗುಳಿಗೆ ನುಂಗಿದರೆ, ಅವನಿಗೆ ಸಾಧಾರಣವಾದದ್ದು ಅವಳಿಗೆ ಅಪಾಯ.

ಜಿಡೊವುಡಿನ್ ಮೂಳೆಯ ಮಜ್ಜೆಯನ್ನು ಕುಗ್ಗಿಸಿ ರಕ್ತಹೀನತೆ ತರಬಲ್ಲದು. ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ರಕ್ತವಿಲ್ಲದವಳಿಗೆ ಆ ಔಷಧಿ ಕೊಡುವಂತಿರಲಿಲ್ಲ. ಬದಲಿಗೆ ಸ್ಟಾವುಡಿನ್ ಕೊಡುತ್ತಿದ್ದರು. ಸ್ಟಾವುಡಿನ್ ಕೆನ್ನೆ, ತೋಳು, ಕಾಲಿನ ಕೊಬ್ಬನ್ನು ಕರಗಿಸಿ, ಕಾಯಿಲೆಯನ್ನು ಮುಖದ ಮೇಲೆ ಬರೆಯುತ್ತಿತ್ತು. ಗುಟ್ಟಾಗಿ ಗುಳಿಗೆ ನುಂಗುತ್ತಿದ್ದವಳ ಗುಟ್ಟು ಒಳಗೆ ಬತ್ತಿದ ಕೆನ್ನೆಯಿಂದಲೇ ಓಣಿಗೆಲ್ಲ ತಿಳಿಯುತ್ತಿತ್ತು. ಸ್ಟಾವುಡಿನ್ ಈಗ ಬಳಕೆಯಲ್ಲಿಲ್ಲ.

ಬಸಿರಿಯರ ಕಥೆ ಇನ್ನೂ ಕಟುವಾದದ್ದು. ಔಷಧಿ ಇಲ್ಲದೆ ಹೋದರೆ, ಮೊಲೆಹಾಲು ಕುಡಿಸುವ ಕಾಲವೂ ಸೇರಿ, ನೂರು ಸೋಂಕಿತ ತಾಯಂದಿರಲ್ಲಿ 20ರಿಂದ 45 ಮಂದಿಯ ಕೂಸುಗಳಿಗೆ ಎಚ್‌ಐವಿ ದಾಟಬಹುದು. 1999ರಲ್ಲಿ ಉಗಾಂಡದಿಂದ ಒಳ್ಳೆಯ ಸುದ್ದಿ ಬಂತು: ಹೆರಿಗೆ ನೋವು ಶುರುವಾದಾಗ ತಾಯಿಗೆ ಒಂದೇ ಒಂದು ನೆವಿರಪಿನ್ ಗುಳಿಗೆ, ಹುಟ್ಟಿದ ಕೂಸಿಗೆ ಒಂದು ಗುಟುಕು ಸಿರಪ್ ಕೊಟ್ಟರೆ ಸೋಂಕು ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಮ್ಮ ದೇಶವೂ ಅದನ್ನೇ ಅನುಸರಿಸಿತು. ಅನೇಕ ಮಕ್ಕಳು ಪಾರಾದರು. ಆದರೆ ಆ ಒಂದೇ ಗುಳಿಗೆ ಎಷ್ಟೋ ಸಲ ತಾಯಿಯ ಮೈಯಲ್ಲಿದ್ದ ವೈರಸ್ಸಿಗೆ ನೆವಿರಪಿನ್ ಅನ್ನು ತಡೆದುಕೊಳ್ಳುವ ಶಕ್ತಿ ಕಲಿಸಿಬಿಡುತ್ತಿತ್ತು. ಕೆಲವೇ ತಿಂಗಳಲ್ಲಿ ಅವಳಿಗೇ ಚಿಕಿತ್ಸೆ ಬೇಕಾದರೆ ಆ ಔಷಧಿ ಸರಿಯಾಗಿ ನಾಟುತ್ತಿರಲಿಲ್ಲ. ಕೂಸು ಉಳಿಯಿತು, ತಾಯಿಯ ಔಷಧಿ ಮೊಂಡಾಯಿತು. 2012ರ ಬಳಿಕ ಕರ್ನಾಟಕವೂ ಸೇರಿ ದಕ್ಷಿಣದ ರಾಜ್ಯಗಳಲ್ಲಿ ಮೊದಲಾಗಿ ಬಸಿರಿಯರಿಗೆ ಬಹು ಔಷಧಿಯ ಪದ್ಧತಿ ಬಂದು, 2014ರಿಂದ ಸೋಂಕಿರುವ ಎಲ್ಲ ಬಸಿರಿಯರಿಗೂ ಜೀವನಪೂರ್ತಿ ಚಿಕಿತ್ಸೆ ಎಂದಾದಾಗ ಮಾತ್ರ ತಾಯಿಯನ್ನು ತಾಯಿಗಾಗಿಯೇ ನೋಡಿದ ಹಾಗಾಯಿತು. ಈಗ ಸಮಯಕ್ಕೆ ಸರಿಯಾಗಿ ಔಷಧಿ ತೆಗೆದುಕೊಂಡರೆ ಮಗುವಿಗೆ ಸೋಂಕು ದಾಟುವುದು ಬಹು ವಿರಳ.

ಕೊನೆಯ ಉದಾಹರಣೆ ಇತ್ತೀಚಿನದು. 2018ರ ಮೇ ತಿಂಗಳಲ್ಲಿ ಬೋಟ್ಸ್ವಾನಾದಿಂದ ಎಚ್ಚರಿಕೆಯೊಂದು ಬಂತು. ಡೊಲುಟೆಗ್ರಾವಿರ್ ನುಂಗುತ್ತಿದ್ದಾಗಲೇ ಬಸಿರಾದ 426 ತಾಯಂದಿರಲ್ಲಿ ನಾಲ್ವರ ಶಿಶುಗಳಿಗೆ ಬೆನ್ನುಹುರಿ ಮತ್ತು ಮಿದುಳಿನ ದೋಷ ಕಂಡಿತ್ತು. ಹಲವು ದೇಶಗಳು ಹೆರುವ ವಯಸ್ಸಿನ ಹೆಂಗಸರಿಗೆ ಆ ಔಷಧಿ ತಡೆದವು. ಗಂಡಸರು ಹೊಸ, ಹೆಚ್ಚು ಒಳ್ಳೆಯ ಗುಳಿಗೆಗೆ ದಾಟಿದರು. ಹೆಂಗಸರು ತಲೆಸುತ್ತು, ಕೆಟ್ಟ ಕನಸು ತರುವ ಹಳೆಯ ಎಫಾವಿರೆಂಜ್‌ನಲ್ಲೇ ಉಳಿದರು. ಗಮನಿಸಿದ ತಾಯಂದಿರ ಎಣಿಕೆ ಸಾವಿರಗಳಿಗೆ ಏರಿದಂತೆಲ್ಲ, ಶಿಶುಗಳ ದೋಷದಲ್ಲಿ ಈ ಔಷಧಿಗೂ ಉಳಿದವಕ್ಕೂ ಕಂಡಿದ್ದ ಅಂತರ ಕರಗುತ್ತ ಹೋಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಡೊಲುಟೆಗ್ರಾವಿರ್ ಎಂದಿತು. ಎಚ್ಚರ ವಹಿಸಿದ್ದು ತಪ್ಪಲ್ಲ. ಬೇಕಿದ್ದರೆ ಗರ್ಭನಿರೋಧಕ ಬಳಸಿ ಈ ಔಷಧಿ ಪಡೆಯುತ್ತೇನೆ ಎಂದು ನಿರ್ಧರಿಸುವ ಹಕ್ಕು ಎಷ್ಟೋ ಕಡೆ ಅವಳಿಗೆ ಇರಲಿಲ್ಲ ಎಂಬುದು ತಪ್ಪು. ಈ ಗುಳಿಗೆಯಿಂದ ಮೈ ತೂಕ ಏರುವುದು ಹೆಂಗಸರಲ್ಲೇ ಹೆಚ್ಚು ಎಂದು ದಕ್ಷಿಣ ಆಫ್ರಿಕಾದ ಪ್ರಯೋಗವೊಂದು ತೋರಿಸಿದೆ. ಸಕ್ಕರೆ ಕಾಯಿಲೆಯ ಮನೆಗಳಲ್ಲಿ ಇದನ್ನು ಗಮನದಲ್ಲಿಡಬೇಕು.

ಉಳಿದ ಬದುಕು

ಗುಳಿಗೆ ನುಂಗಿದವರು ಈಗ ಮುಪ್ಪಿಗೆ ಬರುತ್ತಿದ್ದಾರೆ. ಅದು ಈ ಅಧ್ಯಾಯದ ದೊಡ್ಡ ಸಂತೋಷ, ಹೊಸ ಕೆಲಸವೂ ಹೌದು. ಎಚ್‌ಐವಿ ಇರುವ ಹೆಂಗಸಿಗೆ ಗರ್ಭಕೊರಳಿನ ಕ್ಯಾನ್ಸರ್ ಸಂಭವ ಉಳಿದವರಿಗಿಂತ ಆರು ಪಟ್ಟು. ಇದನ್ನು ತರುವುದು ಎಚ್‌ಪಿವಿ ಎಂಬ ಇನ್ನೊಂದು ವೈರಸ್. ಸೊರಗಿದ ರೋಗನಿರೋಧಕ ಶಕ್ತಿ ಅದನ್ನು ಓಡಿಸಲಾರದು. ಅದೃಷ್ಟವೆಂದರೆ ಇದು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ ಕಾಯಿಲೆ, ಮೊದಲೇ ಕಂಡರೆ ಅಲ್ಲೇ ಸುಟ್ಟುಹಾಕಬಹುದು. ವಿಶ್ವ ಆರೋಗ್ಯ ಸಂಸ್ಥೆ ಇಂಥ ಹೆಂಗಸರಿಗೆ 25ನೇ ವಯಸ್ಸಿನಿಂದಲೇ, ಮೂರರಿಂದ ಐದು ವರ್ಷಕ್ಕೊಮ್ಮೆ ತಪಾಸಣೆ ಹೇಳುತ್ತದೆ. ತಿಂಗಳ ಗುಳಿಗೆಗೆ ತಪ್ಪದೆ ಬರುವವಳಿಗೆ ಈ ಮಾತು ಹೇಳುವವರು ಅದೇ ಕಟ್ಟಡದಲ್ಲಿ ಇರಬೇಕು.

ಹೃದಯಕ್ಕೂ ದಾರಿ ಸಿಕ್ಕಿದೆ. 12 ದೇಶಗಳ 7,769 ಮಂದಿ ಭಾಗವಹಿಸಿದ ‘ರಿಪ್ರೀವ್’ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಪಿಟಾವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಗುಳಿಗೆ, ಎಚ್‌ಐವಿ ಇರುವವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಆಘಾತಗಳನ್ನು ಮೂರನೇ ಒಂದು ಭಾಗದಷ್ಟು ತಗ್ಗಿಸಿತು. ಭಾಗವಹಿಸಿದವರಲ್ಲಿ ಹೆಂಗಸರು ಸುಮಾರು ಮೂರರಲ್ಲಿ ಒಬ್ಬರಿದ್ದರು. ಐವರಲ್ಲಿ ಒಬ್ಬರು ಎಂಬ ಹಳೆಯ ಲೆಕ್ಕಕ್ಕಿಂತ ಅದು ಮೇಲು.

ದೇಹಕ್ಕೆ ಹೀಗೆ ದಾರಿಗಳಿವೆ. ಮನೆಯಿಂದ ಹೊರಹಾಕಿದವಳಿಗೆ ಯಾವ ಗುಳಿಗೆಯೂ ಇಲ್ಲ ಎಂದು ನಮ್ಮ ಹಿರಿಯ ಆಪ್ತಸಮಾಲೋಚಕರಿಗೆ ಗೊತ್ತಿತ್ತು. ಅದಕ್ಕೆ 2017ರಲ್ಲಿ ಸಂಸತ್ತು ಒಪ್ಪಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಉತ್ತರ ಕೊಟ್ಟಿದೆ. ಸೋಂಕಿರುವ ಹೆಂಗಸನ್ನು ಅವಳು ವಾಸಿಸುವ ಮನೆಯಿಂದ ಹೊರಹಾಕುವಂತಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ವರದಿ ಹೇಳುವಂತಿಲ್ಲ. ಸಂಗಾತಿಗೆ ತಿಳಿಸಬೇಕಾದ ಸಂದರ್ಭದಲ್ಲೂ, ತಿಳಿಸಿದರೆ ಅವಳಿಗೆ ಹೊಡೆತವೋ ಪರಿತ್ಯಾಗವೋ ಕಾದಿದೆ ಎಂಬ ಅನುಮಾನವಿದ್ದರೆ ವೈದ್ಯರು ಹೇಳಕೂಡದು. ಮೊದಲು ಗೊತ್ತಾದವಳೇ ಮೊದಲು ಪೆಟ್ಟು ತಿನ್ನುತ್ತಾಳೆ ಎಂಬುದನ್ನು ಕಾನೂನು ಬರೆದವರು ಕಂಡಿದ್ದರು.

ಮತ್ತೆ ನಮ್ಮ ದಂಪತಿಯ ಹತ್ತಿರ ಬರೋಣ. ಅವಳು ಕಲಬುರಗಿಯ ಜಿಲ್ಲಾ ಆಸ್ಪತ್ರೆಯ ಎಆರ್‌ಟಿ ಕೇಂದ್ರದಿಂದ ಮೂವತ್ತು ಗುಳಿಗೆಯ ಡಬ್ಬಿ ತಂದು ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದಾಳೆ. ರಾತ್ರಿ ಊಟವಾದ ಮೇಲೆ ದಿನಕ್ಕೊಂದು. ಕೆಲವು ತಿಂಗಳಲ್ಲಿ ಅವಳ ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿಯುತ್ತದೆ. ಕೂಸು ಸೋಂಕಿಲ್ಲದೆ ಹುಟ್ಟುವ ಎಲ್ಲ ಭರವಸೆ ಇದೆ. ಅವನು ಪುಣೆಯಲ್ಲಿ ಎರಡನೇ ಮಹಡಿಗೆ ಸಿಮೆಂಟು ಹೊರುತ್ತಿದ್ದಾನೆ, ಸಂಜೆ ಸಣ್ಣ ಜ್ವರ ಬರುತ್ತಿದೆ. ಅವನಿಗೆ ಇನ್ನೂ ಗೊತ್ತಿಲ್ಲ.

ಹೋಳಿಯ ಬಳಿಕ ಶರಣಬಸವೇಶ್ವರರ ಜಾತ್ರೆಗೆ ಗುಳೆ ಹೋದವರು ಊರಿಗೆ ಬರುತ್ತಾರೆ. ಆಗ ಪರೀಕ್ಷೆಯ ಮೇಜು ಸಂಜೆಯ ತನಕ ತೆರೆದಿರಲಿ. ತಾಯಿ ಕಾರ್ಡಿಗೆ ಹೆಂಡತಿಯ ಜೊತೆ ಬಂದ ಪ್ರತಿಯೊಬ್ಬ ಗಂಡನಿಗೂ, ಅವಳ ಫಲಿತಾಂಶ ಏನೇ ಇರಲಿ, “ನಿಮ್ಮದೂ ಒಂದು ಹನಿ ಕೊಡ್ರಿ” ಎಂದು ಕೇಳುವ ವಾಡಿಕೆ ಬರಲಿ. ಎಲ್ಲ ಗಂಡಂದಿರನ್ನೂ ಕೇಳಿದರೆ ಯಾರನ್ನು ಏಕೆ ಕೇಳಿದರು ಎಂಬ ಗುಟ್ಟು ಯಾರಿಗೂ ತಿಳಿಯುವುದಿಲ್ಲ, ಅವಳ ಮೇಲೆ ಬೆರಳು ಏಳುವುದಿಲ್ಲ. ಗಟ್ಟಿ ಇದ್ದಾಗಲೇ ಅವನ ಸೋಂಕು ಕಂಡರೆ ಅವನ ಸಿಡಿ4 ಕುಸಿಯುವ ಮೊದಲೇ ಗುಳಿಗೆ ಶುರುವಾಗುತ್ತದೆ. ಅನುಮಾನ ಇದ್ದವರು 1097ಕ್ಕೆ ಫೋನ್ ಮಾಡಿದರೆ ಹೆಸರು ಹೇಳದೆಯೂ ಸಲಹೆ ಸಿಗುತ್ತದೆ.

ಮೇಜಿನ ಮೇಲೆ ಎರಡು ಪಟ್ಟಿ ಅಕ್ಕಪಕ್ಕ ಇರಲಿ. ಇಪ್ಪತ್ತು ನಿಮಿಷ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಕಾಯಲಿ.